ಕುಣಿಸಿದ ಮಾತ್ರಕ್ಕೆ ಹಾಡು ಕೆಟ್ಟಿತಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಹಾಡಿನ ಮೇಲೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲದ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ಅಂಕೋಲಾ ಕಡೆಯ ಒಬ್ಬ ಹುಡುಗ ಕನ್ನಡದಲ್ಲಿ ರ‍್ಯಾಪ್ ಮಾಡುತ್ತಾನೆ. ಹೆಸರು ಹಾಕುತ್ತಿಲ್ಲ. ಈಗಾಗಲೇ ಬೇಕಾದಷ್ಟು ಬೈಗುಳ ತಿಂದಿದ್ದಾನೆ, ನಮ್ಮ ಪುಟದಿಂದಲೂ ಅದಕ್ಕೆ ಸೇರುವುದು ಬೇಡ. ಇವನ ಹೆಸರು ಮೊದಲು ಕೇಳಿಬಂದಿದ್ದು ಶಿರೂರಿನ ಹಾಡಿನಿಂದ. 2024ರ ಜುಲೈ 16ಕ್ಕೆ ಅಲ್ಲಿ ಗುಡ್ಡ ಜಾರಿ ಹೆದ್ದಾರಿ ಮೇಲೆ ಬಿತ್ತಲ್ಲ, ಅದರ ಮೇಲೆ ಬರೆದ ಹಾಡು. ಆಮೇಲೆ ಖಾಲಿ ಬಲೆ ಎಳೆದುಕೊಂಡು ದಡಕ್ಕೆ ಬರುವ ದೋಣಿಯ ಮೇಲೆ ಒಂದು ಮಾಡಿದ. ಎರಡೂ ನಿಧಾನ, ಎರಡೂ ಗಂಭೀರ. ಹೋದ ತಿಂಗಳು ಬಿಟ್ಟ ಹಾಡು ಮಾತ್ರ ಪೂರ್ತಿ ಕುಣಿತದ್ದು. ನಿಮಿಷಕ್ಕೆ 124 ಬಡಿತ, ಕೆಳಗೆ ಒಂದೇ ಸಮ ಗುದ್ದುವ ಕಿಕ್ ಅನ್ನುವ ದಪ್ಪ ಡ್ರಮ್ ಸದ್ದು, ಮೇಲೆ ನಮ್ಮ ಕಡೆಯ ಮಣ್ಣಿನ ಚರ್ಮವಾದ್ಯ ಗುಮಟೆಯ ಹಾಗೆ ಕೇಳುವ ಒಂದು ಸದ್ದು. ಸೊಲ್ಲು ಇಷ್ಟೇ: 'ತಟ್ಟು ಗುಮಟೆ, ಮುಟ್ಟು ನೆಲ, ಕಟ್ಟು ಗೆಜ್ಜೆ, ಬಿಟ್ಟು ಕೆಲ್ಸ.'

ಊರು ಎರಡು ಪಾಲಾಗಿದೆ. ಮದುವೆ ಮನೆಯಲ್ಲಿ ಇದೇ ಹಾಡು, ಟೆಂಪೋದಲ್ಲಿ ಇದೇ ಹಾಡು. ಇತ್ತ ಇವನನ್ನು ಮೊದಲಿನಿಂದ ಕೇಳಿದವರೇ ಇವನ ಮೇಲೆ ಮುನಿಸಿಕೊಂಡಿದ್ದಾರೆ. ನಾನು ಇಪ್ಪತ್ತು ವರ್ಷ ಯಕ್ಷಗಾನದ ಆಟಕ್ಕೂ ಆರ್ಕೆಸ್ಟ್ರಾಕ್ಕೂ ಮೈಕ್ ಸೆಟ್ ಹಾಕಿದವನು. ಹಾಡನ್ನು ಫೋನಿನಲ್ಲೂ ಕೇಳಿದ್ದೇನೆ, ದೊಡ್ಡ ಬಾಕ್ಸಿನಲ್ಲೂ ಕೇಳಿದ್ದೇನೆ. ನನಗೆ ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ.

ಪ್ರ: ಇವನ ಶಿರೂರಿನ ಹಾಡು ಕೇಳಿ ನಾವು ಹಾಸ್ಟೆಲ್‌ನಲ್ಲಿ ಅತ್ತಿದ್ದೆವು. ಈಗ ನೋಡಿದರೆ ಡಿಜೆ ಹಾಡು ಮಾಡಿದ್ದಾನೆ. ರ‍್ಯಾಪ್ ಅಂದ್ರೆ ಸಿಟ್ಟು, ಪ್ರಶ್ನೆ ಕೇಳುವುದು, ಅಲ್ವಾ? ದುಡ್ಡಿಗೋಸ್ಕರ ದಾರಿ ಬಿಟ್ಟ ಅಂತ ನಮಗೆ ಅನಿಸಿದೆ. ತಪ್ಪಾ?
— ಬಿ.ಎ. ವಿದ್ಯಾರ್ಥಿ, ಕುಮಟಾ

ಉ: ನಿಮಗೆ ಬೇಜಾರಾಗಿದ್ದು ತಪ್ಪಲ್ಲ ತಮ್ಮಾ. ಒಂದು ಹಾಡು ಅಳಿಸಿದ ಮೇಲೆ ಅದೇ ಬಾಯಿಂದ ಅದೇ ಥರದ್ದು ಇನ್ನೊಂದು ಬೇಕು ಅನಿಸುವುದು ಸಹಜ. ಆದರೆ ರ‍್ಯಾಪ್ ಅಂದ್ರೆ ಸಿಟ್ಟು ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ರ‍್ಯಾಪ್ ಹುಟ್ಟಿದ್ದೇ ಕುಣಿಯುವವರ ಕಾಲಬುಡದಲ್ಲಿ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ರಸ್ತೆಯ 1520ನೇ ನಂಬರಿನ ಕಟ್ಟಡ. ಅಲ್ಲಿದ್ದ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಒಂದು ಪಾರ್ಟಿ ಇಟ್ಟಳು. ಒಳಗೆ ಬರಲು ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಆ ಕಾಲದ ತನ್ನ ಪಾರ್ಟಿಗಳಲ್ಲಿ ಅವನು ಒಂದು ಸಂಗತಿ ಗಮನಿಸಿದ್ದ. ಹಾಡಿನಲ್ಲಿ ಹಾಡುವವರು ಸುಮ್ಮನಾಗಿ ಬರೀ ಡ್ರಮ್ ಬರುವ ಒಂದು ಜಾಗ ಇರುತ್ತದಲ್ಲ, ಜನ ಮೈಮರೆತು ಕುಣಿಯುವುದು ಅಲ್ಲೇ. ಆದರೆ ಆ ಜಾಗ ಕೆಲವೇ ಸೆಕೆಂಡು, ಕಾಲು ಬಿಸಿಯಾಗುವ ಮೊದಲೇ ಮುಗಿದುಹೋಗುತ್ತದೆ. ಹರ್ಕ್ ಅದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಟರ್ನ್‌ಟೇಬಲ್ ಮೇಲಿಟ್ಟ. ಒಂದರಲ್ಲಿ ಡ್ರಮ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಡ್ರಮ್ ಶುರು. ಕೆಲವು ಸೆಕೆಂಡಿನ ಜಾಗವನ್ನು ಹೀಗೆ ನಿಮಿಷಗಟ್ಟಲೆ ಎಳೆದ. ಕುಣಿಯುವವರನ್ನು ಹುರಿದುಂಬಿಸಲು ಮೈಕಿನಲ್ಲಿ ನಾಲ್ಕು ಮಾತು ಸೇರಿತು. ಆ ನಾಲ್ಕು ಮಾತು ಬೆಳೆದಿದ್ದೇ ರ‍್ಯಾಪ್. ಸಿಟ್ಟು ಆಮೇಲೆ ಬಂತು, ಬಂದಿದ್ದು ಒಳ್ಳೆಯದೇ ಆಯಿತು.

1982ನೇ ಇಸವಿ ಒಂದನ್ನೇ ನೋಡಿ. ಏಪ್ರಿಲ್‌ನಲ್ಲಿ ಆಫ್ರಿಕಾ ಬಂಬಾಟಾ ತಂಡದ 'ಪ್ಲಾನೆಟ್ ರಾಕ್' ಬಂತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ರಾಗ, ರೋಲಂಡ್ ಕಂಪನಿಯ 808 ಅನ್ನುವ ಡ್ರಮ್ ಯಂತ್ರದ ಗುದ್ದು. ಕುಣಿಸುವುದು ಬಿಟ್ಟು ಅದಕ್ಕೆ ಬೇರೆ ಉದ್ದೇಶವೇ ಇರಲಿಲ್ಲ. ಜುಲೈನಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದಿ ಮೆಸೇಜ್' ಬಂತು. ಕೇರಿಯ ಬಡತನವನ್ನು ಇದ್ದ ಹಾಗೇ ಹೇಳಿದ ಹಾಡು. ಎರಡೂ ಒಂದೇ ವರ್ಷ, ಒಂದೇ ನ್ಯೂಯಾರ್ಕ್. ಇಂದಿಗೂ ಎರಡಕ್ಕೂ ಮರ್ಯಾದೆ ಇದೆ.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರನ್ನೇ ನೆನಪು ಮಾಡಿಕೊಳ್ಳಿ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ ಅಜ್ಜಿ ಅವರು. ನೆಟ್ಟಿಯ ಹಾಡು, ಮದುವೆ ಹಾಡು, ಕುಣಿತದ ಹಾಡು ಹೇಳಿದ್ದೂ ಅದೇ ಬಾಯಿ. ಹೋರಾಟಕ್ಕೆ ಇಳಿದ ಮೇಲೆ ಮದುವೆ ಹಾಡು ಯಾಕೆ ಹೇಳಿದಿರಿ ಅಂತ ಅವರನ್ನು ಯಾರೂ ಕೇಳಲಿಲ್ಲ. ಈ ಹುಡುಗನನ್ನು ಮಾತ್ರ ಯಾಕೆ ಕೇಳುತ್ತಿದ್ದೇವೆ?

ದುಡ್ಡಿನ ಮಾತಿಗೆ ಕೆಳಗೆ ಬರುತ್ತೇನೆ. ಇವನಿಗೆ ಎಷ್ಟು ದುಡ್ಡು ಬಂದಿರಬಹುದು ಅಂತ ಅಲ್ಲಿ ಓದಿ ನೀವೇ ಹೇಳಿ. ಶಿರೂರಿನ ಹಾಡನ್ನು ಅವನು ತೆಗೆದಿಲ್ಲ, ಅದು ಅಲ್ಲೇ ಇದೆ. ಹೊಸ ಹಾಡಿಗೆ ಕುಣಿದವರು ಇವನ ಬೇರೆ ಹಾಡು ಯಾವುದಿದೆ ಅಂತ ಹುಡುಕುತ್ತಾ ಅಲ್ಲಿಗೂ ಹೋಗುತ್ತಿದ್ದಾರೆ.

ಪ್ರ: ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದವಳು ನಾನು. ಮೊಮ್ಮಗ ಈ ಹಾಡು ಹಾಕಿ ಹಾಕಿ ಕಿವಿ ಕಿತ್ತುಹೋಗಿದೆ. ಇದರಲ್ಲಿ ಸಾಹಿತ್ಯ ಎಲ್ಲಿದೆ? ನಾಲ್ಕು ಮಾತನ್ನೇ ತಿರುಗಿಸಿ ತಿರುಗಿಸಿ ಹೇಳಿದರೆ ಹಾಡಾಗುತ್ತದೆಯೇ?
— ನಿವೃತ್ತ ಶಿಕ್ಷಕಿ, ಶಿರಸಿ

ಉ: ಅಕ್ಕೋರೇ, ನಮಸ್ಕಾರ. ಆ ನಾಲ್ಕು ಮಾತನ್ನು ಒಂದು ಸಲ ಬೋರ್ಡಿನ ಮೇಲೆ ಬರೆದ ಹಾಗೆ ಒಂದರ ಕೆಳಗೊಂದು ಬರೆದು ನೋಡಿ. ತಟ್ಟು, ಮುಟ್ಟು, ಕಟ್ಟು, ಬಿಟ್ಟು. ನಾಲ್ಕರಲ್ಲೂ ಎರಡನೇ ಅಕ್ಷರ ಟ್ಟು. ನೀವೇ ವರ್ಷಾನುಗಟ್ಟಲೆ ಕಲಿಸಿದ ಆದಿಪ್ರಾಸ! ಅದರಲ್ಲೂ ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದಿದೆ, ಅಂದರೆ ಆರು ಪ್ರಾಸಗಳಲ್ಲಿ ಹಯಪ್ರಾಸ. ಹಯ ಅಂದ್ರೆ ಕುದುರೆ. ಈ ವೇಗಕ್ಕೆ ಕುದುರೆಯೇ ಸರಿ ಅಂತ ನನಗೆ ಓದಿದ ಕೂಡಲೇ ಖುಷಿಯಾಯಿತು. ಹುಡುಗ ಅದನ್ನು ಛಂದಸ್ಸಿನ ಪುಸ್ತಕ ನೋಡಿ ಮಾಡಿದನೋ, ಕಿವಿಗೆ ಹಿತ ಅಂತ ಮಾಡಿದನೋ, ಯಾವುದಾದರೂ ಇರಲಿ. ಕನ್ನಡದ ಕಿವಿ ಇಲ್ಲದೆ ಅದು ಬರುವುದಿಲ್ಲ.

ಮಾತು ಕಡಿಮೆ ಯಾಕೆ ಅಂತ ಕೇಳಿದಿರಿ. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಸಾಮಾನ್ಯ ರ‍್ಯಾಪ್ ಹಾಡು ನಿಮಿಷಕ್ಕೆ 90 ಬಡಿತದ ಆಸುಪಾಸಿನಲ್ಲಿ ಹೋಗುತ್ತದೆ ಅಂದುಕೊಳ್ಳಿ. ಆಗ ನಾಲ್ಕು ಬಡಿತದ ಒಂದು ಸುತ್ತಿಗೆ ಎರಡೂಮುಕ್ಕಾಲು ಸೆಕೆಂಡಿನ ಹತ್ತಿರ ಸಿಗುತ್ತದೆ. ಒಂದು ಉದ್ದ ವಾಕ್ಯ ಆರಾಮಾಗಿ ಕೂರುತ್ತದೆ. 124ಕ್ಕೆ ಹೋದರೆ ಅದೇ ಸುತ್ತಿಗೆ ಎರಡು ಸೆಕೆಂಡೂ ಇಲ್ಲ. ಅಲ್ಲಿ ಉದ್ದ ಮಾತು ತುರುಕಿದರೆ ಹಾಡುವವನಿಗೂ ಉಸಿರು ಕಟ್ಟುತ್ತದೆ, ಕೇಳುವವನಿಗೂ ಅರ್ಥ ಆಗುವುದಿಲ್ಲ. ಆಗ ಸಹಾಯಕ್ಕೆ ಬರುವುದು ನಮ್ಮ ಭಾಷೆಯ ಗಿಡ್ಡ ಗಿಡ್ಡ, ಒತ್ತು ಇರುವ ಪದಗಳು. ಕುಟ್ಟು, ಕುಕ್ಕು, ಎದ್ದು, ಒದ್ದು. ಬಾಯಲ್ಲಿ ಹೇಳಿದರೆ ಸಾಕು, ಅಲ್ಲೇ ಒಂದು ತಾಳ ಬೀಳುತ್ತದೆ. ಟ್ಟು ಅನ್ನುವಾಗ ನಾಲಿಗೆ ಒಂದು ಕ್ಷಣ ತಡೆದು ಬಿಡುತ್ತದಲ್ಲ, ಆ ತಡೆಯ ಜಾಗದಲ್ಲೇ ಕಿಕ್ ಬಂದು ಕೂತಿದೆ. ಮೊಮ್ಮಗನ ಫೋನಿಗೆ ಕಿವಿಯಲ್ಲಿ ಹಾಕಿಕೊಳ್ಳುವ ಹೆಡ್‌ಫೋನ್ ಸಿಕ್ಕಿಸಿ ಒಂದು ಸಲ ಕೇಳಿ, ಗೊತ್ತಾಗುತ್ತದೆ.

ನಿಮ್ಮ ದೂರಿನಲ್ಲಿ ನನಗೆ ಸರಿ ಅನಿಸಿದ್ದು ಒಂದಿದೆ. ಎರಡನೇ ಚರಣ. ಅಲ್ಲಿ ಸಾಲು ಸಾಲಿಗೂ ಕೊನೆಯಲ್ಲಿ ಬಂದ್ಬಿಟ್ಟೆ, ನಿಂತ್ಬಿಟ್ಟೆ, ಅಂದ್ಬಿಟ್ಟೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಅಂತ್ಯಪ್ರಾಸ ಕೂತಲ್ಲೇ ಸಿಕ್ಕಿಬಿಡುತ್ತದೆ. ಸುಲಭಕ್ಕೆ ಸಿಕ್ಕಿದ್ದು ಎಂಟು ಸಾಲಿನಲ್ಲಿ ಸಪ್ಪೆ ಆಗುತ್ತದೆ. ಸೊಲ್ಲಿಗೆ ತೋರಿಸಿದ ಕಾಳಜಿಯನ್ನು ಆ ಚರಣಕ್ಕೆ ತೋರಿಸಲಿಲ್ಲ. ನೀವು ಕೆಂಪು ಪೆನ್ನು ಹಿಡಿದರೆ ಅಲ್ಲಿ ಹಿಡಿಯಿರಿ, ನಾನೂ ನಿಮ್ಮ ಜೊತೆಗಿದ್ದೇನೆ.

ಪ್ರ: ನಾನು ಮನೆಯಲ್ಲೇ ಲ್ಯಾಪ್‌ಟಾಪ್‌ನಲ್ಲಿ ಬೀಟ್, ಅಂದರೆ ರ‍್ಯಾಪ್‌ಗೆ ಹಿನ್ನೆಲೆ ಸಂಗೀತ, ಮಾಡುತ್ತೇನೆ. ಈ ಹಾಡು ಕೇಳಿದ ಮೇಲೆ ನಮ್ಮ ಕಡೆಯ ಸಿದ್ದಿಯರ ಡಮಾಮಿ ಕುಣಿತದ ಸದ್ದು ಹಾಕಿ ಒಂದು ಟ್ರ್ಯಾಕ್ ಮಾಡಬೇಕು ಅನಿಸಿದೆ. ಯೂಟ್ಯೂಬ್‌ನಲ್ಲಿ ವಿಡಿಯೋ ಇದೆ. ಅದರಿಂದ ಕತ್ತರಿಸಿ ತಗೊಳ್ಳಬಹುದಾ? ಜಾನಪದಕ್ಕೆ ಕಾಪಿರೈಟ್ ಇಲ್ಲ ಅಂತಾರೆ.
— ಬೀಟ್ ಮಾಡುವ ಹುಡುಗ, ಹಳಿಯಾಳ

ಉ: ಬೇಡ. ಕತ್ತರಿಸಬೇಡಿ.

ತಲೆಮಾರುಗಳಿಂದ ಬಂದ ಹಾಡಿಗೆ, ತಾಳಕ್ಕೆ ಒಬ್ಬ ಒಡೆಯ ಇಲ್ಲ ಅನ್ನುವುದು ನಿಜ. ಆದರೆ ಅದನ್ನು ಒಬ್ಬರು ಬಾರಿಸಿ ಇನ್ನೊಬ್ಬರು ರೆಕಾರ್ಡ್ ಮಾಡಿದ ಕೂಡಲೇ ಆ ರೆಕಾರ್ಡಿಂಗ್‌ಗೆ ಹಕ್ಕು ಬರುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಬಾರಿಸಿದವರಿಗೆ, ಹಾಡಿದವರಿಗೆ ಕಲಾವಿದರ ಹಕ್ಕು ಅಂತ ಬೇರೆಯೇ ಇದೆ, ಅದು 50 ವರ್ಷ. ಹಾಗಾಗಿ ಯೂಟ್ಯೂಬಿನಿಂದ ಎತ್ತಿದರೆ ಕಾನೂನಿಗೂ ಸಿಕ್ಕಿಬೀಳುತ್ತೀರಿ.

ಕಾನೂನಿಗಿಂತ ದೊಡ್ಡ ಮಾತು ಬೇರೆ ಇದೆ. ಆಫ್ರಿಕಾದಿಂದ ಬಂದ ಸಿದ್ದಿ ಜನ ನೂರಾರು ವರ್ಷದಿಂದ ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಇದ್ದಾರೆ. ನಮ್ಮ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಅವರ ಡಮಾಮಿ ಕುಣಿತವನ್ನು ಉತ್ಸವದ ವೇದಿಕೆಗೆ ಕರೆದು ಹತ್ತು ನಿಮಿಷ ಕುಣಿಸಿ, ಫೋಟೋ ತೆಗೆದು ಕಳಿಸಿದ್ದನ್ನು ನಾನು ಸೌಂಡ್ ಬಾಕ್ಸ್ ಪಕ್ಕ ನಿಂತು ನೋಡಿದ್ದೇನೆ. ನೋಡಿದಾಗೆಲ್ಲ ಸಂಕಟ ಆಗಿದೆ. ನೀವು ಅದನ್ನೇ ಲ್ಯಾಪ್‌ಟಾಪ್‌ನಲ್ಲಿ ಮಾಡಬೇಡಿ. ಹಳಿಯಾಳದಲ್ಲಿ ಇದ್ದೀರಿ, ಬೈಕ್ ಹತ್ತಿದರೆ ಅವರ ಮನೆ. ಹೋಗಿ ಕೂತು ಮಾತಾಡಿ. ಇಂಥ ಹಾಡಿಗೆ ಬೇಕು ಅಂತ ಬಿಡಿಸಿ ಹೇಳಿ. ಅವರು ಒಪ್ಪಿದರೆ ರೆಕಾರ್ಡ್ ಮಾಡಿ, ಅವತ್ತಿನ ಕೂಲಿಗಿಂತ ಜಾಸ್ತಿ ದುಡ್ಡು ಅವತ್ತೇ ಕೊಡಿ, ಹಾಡಿನ ವಿವರದಲ್ಲಿ ಅವರ ಹೆಸರು ಹಾಕಿ. ಮುಂದೆ ಬರುವ ಹಣದಲ್ಲಿ ಎಷ್ಟು ಪಾಲು ಅನ್ನುವುದನ್ನು ಒಂದು ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಹಾಕಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕ್ಯಾಸೆಟ್ ಕಾಲದಲ್ಲಿ ಒಂದು ಕಂಪನಿಯವರು ನಮ್ಮ ಕಡೆ ಬಂದು ಹೆಂಗಸರ ಹಾಡು ರೆಕಾರ್ಡ್ ಮಾಡಿಕೊಂಡು ಹೋದರು. ಮೈಕ್ ನನ್ನದೇ. ಐದು ಜನ ಹೆಂಗಸರು ಗದ್ದೆ ಕೆಲಸ ಬಿಟ್ಟು ಬಂದು ಬೆಳಿಗ್ಗೆಯಿಂದ ಸಂಜೆವರೆಗೆ ಹಾಡಿದರು. ಕೈಗೆ ಸಿಕ್ಕಿದ್ದು ಚಹಾ, ಅವಲಕ್ಕಿ, ಬಸ್ ಚಾರ್ಜು. ಕ್ಯಾಸೆಟ್ ಅಂಗಡಿಗೆ ಬಂದಾಗ ಮೇಲೆ ಯಾರ ಹೆಸರೂ ಇರಲಿಲ್ಲ. ಅವರಲ್ಲಿ ಒಬ್ಬರು ನನ್ನ ಹತ್ತಿರ ಬಂದು 'ತಮ್ಮಾ, ನಂದು ಯಾವ್ದು ಅಂತ ಎಂತಕ್ಕೆ ಬರಿಲಿಲ್ಲ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಕೇಳಿ ಬರೆಸಬೇಕಿತ್ತು, ಬರೆಸಲಿಲ್ಲ. ನೀವು ಬರೆಸಿ.

ಪ್ರ: ನಮ್ಮ ಮನೆ ರಸ್ತೆ ಪಕ್ಕ. ಗಣಪತಿ ಮುಳುಗಿಸುವ ದಿನ ಡಿಜೆಯಲ್ಲಿ ಇಂಥದೇ ಹಾಡು ಹಾಕಿದಾಗ ಕಪಾಟಿನ ಗಾಜು ಅಲ್ಲಾಡಿತ್ತು, ಅತ್ತೆಗೆ ಎದೆ ಹಿಡಿದ ಹಾಗಾಗಿತ್ತು. ಇದಕ್ಕೆ ಹಾಡು ಮಾಡಿದವನನ್ನು ಬೈಯಬೇಕೋ, ಡಿಜೆಯವರನ್ನೋ?
— ಗೃಹಿಣಿ, ಹೊನ್ನಾವರ

ಉ: ಅಕ್ಕಾ, ಡಿಜೆಯವರನ್ನು. ಹಾಡಿನಲ್ಲಿರುವ ಬಾಸ್ ಅನ್ನುವ ದಪ್ಪ ಸದ್ದು ಫೋನಿನಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ. ಟೆಂಪೋ ಮೇಲೆ ಎಂಟು ಹತ್ತು ಬಾಸ್ ಬಾಕ್ಸ್ ಪೇರಿಸಿ ಪೂರ್ತಿ ಜೋರು ಕೊಟ್ಟಾಗ ಎದೆಗೆ ಬಡಿಯುತ್ತದೆ. ಆ ಕೆಳಗಿನ ಸದ್ದು ಗೋಡೆ ದಾಟಿ ಬರುತ್ತದೆ, ಕಿಟಕಿ ಮುಚ್ಚಿದರೆ ಪ್ರಯೋಜನ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಹಬ್ಬಕ್ಕೆ ಸರ್ಕಾರ ವಿನಾಯಿತಿ ಕೊಟ್ಟರೂ ಅದು ರಾತ್ರಿ 12ರವರೆಗೆ ಮಾತ್ರ, ವರ್ಷಕ್ಕೆ 15 ದಿನ ಮೀರುವ ಹಾಗಿಲ್ಲ. ಮುಂದಿನ ಸಲ ಮೆರವಣಿಗೆಗೆ ಮೊದಲೇ ಗಣಪತಿ ಸಮಿತಿಯ ಹುಡುಗರಿಗೆ, ನಮ್ಮ ಮನೆ ದಾಟುವಾಗ ಸ್ವಲ್ಪ ಕಡಿಮೆ ಮಾಡಿ, ಅತ್ತೆಗೆ ಆಗುವುದಿಲ್ಲ ಅಂತ ಹೇಳಿಡಿ. ಊರಿನ ಹುಡುಗರು, ಅತ್ತೆಯ ಹೆಸರು ಹೇಳಿದರೆ ಕೇಳುತ್ತಾರೆ. ಕೇಳದಿದ್ದರೆ 112ಕ್ಕೆ ಫೋನ್ ಮಾಡಿ.

ಪ್ರ: ಕಾರವಾರದಲ್ಲಿ ನಾವು ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಫೋನಿನಲ್ಲಿ ಹಿಂದಿ. ಇವನು ಪೂರ್ತಿ ಕನ್ನಡದಲ್ಲೇ ಹಾಡಿದ್ದಕ್ಕೆ ಹಾಡು ಜಿಲ್ಲೆ ದಾಟಲಿಲ್ಲ, ರ‍್ಯಾಪ್ ಹಾಡುವ ಹನುಮಾನ್‌ಕೈಂಡ್ ಥರ ಇಂಗ್ಲಿಷಿನಲ್ಲಿ ಹಾಡಿದ್ದರೆ ಹೊರಗೆ ಹೋಗುತ್ತಿತ್ತು ಅಂತ ನನ್ನ ಗೆಳೆಯರು ಹೇಳುತ್ತಾರೆ. ನಿಮಗೇನು ಅನಿಸುತ್ತದೆ?
— ಮೊಬೈಲ್ ಅಂಗಡಿಯವರು, ಕಾರವಾರ

ಉ: ಹನುಮಾನ್‌ಕೈಂಡ್ ಇಂಗ್ಲಿಷಿನಲ್ಲಿ ಹಾಡುವುದು ನಿಜ. ಅವರು ಮಲಯಾಳಿ, ಬೆಳೆದಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ಆಮೇಲೆ ಬೆಂಗಳೂರಿಗೆ ಬಂದವರು. ಇಂಗ್ಲಿಷ್ ಅವರಿಗೆ ಬೆಳೆದ ಊರಿನ ಮಾತು, ತೋರಿಕೆಗೆ ತಂದುಕೊಂಡದ್ದಲ್ಲ. ಅವರ 'ಬಿಗ್ ಡಾಗ್ಸ್' 2024ರ ಜುಲೈನಲ್ಲಿ ಬಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಹೋಯಿತು. ಆದರೆ ಜಗತ್ತು ಕಣ್ಣು ಬಿಟ್ಟು ನೋಡಿದ್ದು ಏನನ್ನು? ಮರಣ ಬಾವಿಯನ್ನು. ಜಾತ್ರೆಯಲ್ಲಿ ಹಲಗೆಯ ಬಾವಿಯೊಳಗೆ ಬೈಕು, ಕಾರು ಗೋಡೆ ಮೇಲೆ ಓಡುತ್ತವಲ್ಲ, ಅದರೊಳಗೆ ನಿಂತು ಅವರು ಹಾಡಿದರು. ಮರುವರ್ಷ 'ರನ್ ಇಟ್ ಅಪ್'ನಲ್ಲಿ ಕೇರಳದ ಚೆಂಡೆ ಮೇಳ ತಂದರು. ಬೇರೆಯವರ ಹತ್ತಿರ ಇಲ್ಲದ್ದನ್ನು ತೋರಿಸಿದ್ದಕ್ಕೆ ಜನ ನೋಡಿದರು.

ನಮ್ಮ ಹುಡುಗ ಮನೆಯಲ್ಲಿ ಇಂಗ್ಲಿಷ್ ಆಡುವವನಲ್ಲ. ಆಡದ ಭಾಷೆಯಲ್ಲಿ 124ರ ವೇಗಕ್ಕೆ ಬಾಯಿ ತಿರುಗುವುದಿಲ್ಲ, ತಿರುಗಿಸಿದರೂ ಸುಳ್ಳು ಅಂತ ಕೂಡಲೇ ಗೊತ್ತಾಗುತ್ತದೆ. ಕೊಂಕಣಿ ಮಾತ್ರ ಬೇರೆ ವಿಷಯ. ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಅರ್ಧ ಗಂಟೆ ನಿಂತರೆ ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಸಿಗುತ್ತದೆ. ಹಾಗೆ ಮಾತಾಡುವವರೇ ಹಾಗೆ ಹಾಡಿದರೆ ಎಷ್ಟು ಚೆನ್ನಾಗಿರುತ್ತದೆ! ಅದನ್ನು ಅಂಕೋಲೆಯ ಹುಡುಗನಿಂದ ಯಾಕೆ ಕೇಳುತ್ತೀರಿ, ನಿಮ್ಮ ಅಂಗಡಿಗೆ ರೀಚಾರ್ಜ್‌ಗೆ ಬರುವ ಹುಡುಗ ಹುಡುಗಿಯರಲ್ಲಿ ಯಾರೋ ಒಬ್ಬರು ಬರೆಯುತ್ತಿರುತ್ತಾರೆ. ಕೇಳಿ ನೋಡಿ.

ಪ್ರ: ನಾನೂ ಒಂದು ಹಾಡು ಬಿಟ್ಟೆ. ಆರು ತಿಂಗಳಾಯಿತು, ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 800 ಸಲ ಪ್ಲೇ ಆಗಿದೆ, ಒಂದು ರೂಪಾಯಿ ಬಂದಿಲ್ಲ. ಬಿಟ್ಟಿದ್ದು ಜೂನ್‌ನಲ್ಲಿ. ಎಲ್ಲಿ ತಪ್ಪಿತು?
— ದೋಣಿ ಮನೆಯ ಹುಡುಗ, ತದಡಿ

ಉ: ತಮ್ಮಾ, ದುಡ್ಡು ಬರದಿದ್ದಕ್ಕೆ ಕಾರಣ ಸರಳ. 2024ರಿಂದ ಅಲ್ಲಿ ಒಂದು ನಿಯಮ ಇದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದ ಹಾಡಿಗೆ ಹಣ ಲೆಕ್ಕಕ್ಕೇ ಬರುವುದಿಲ್ಲ. ಪ್ಲೇ ಅಂದರೂ ಕನಿಷ್ಠ 30 ಸೆಕೆಂಡು ಕೇಳಿರಬೇಕು. ಸಾವಿರ ದಾಟಿದ ಮೇಲೂ ಒಂದೊಂದು ಪ್ಲೇಗೆ ಬರುವುದು ಪೈಸೆಗಳ ಲೆಕ್ಕ. ಮದುವೆ ಮನೆಯಲ್ಲಿ ಡಿಜೆ ಪೆನ್‌ಡ್ರೈವ್‌ನಿಂದ ನೂರು ಸಲ ಹಾಕಿದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕುಮಟೆಯ ತಮ್ಮನೂ ಇದನ್ನು ಓದಲಿ. ದುಡ್ಡಿಗೋಸ್ಕರ ರ‍್ಯಾಪ್ ಮಾಡುವವರಿಗೆ ಇದು ಬಹಳ ಕಷ್ಟದ ದಾರಿ.

ಇನ್ನು ಜೂನ್. ನಿಮ್ಮದು ದೋಣಿ ಮನೆ, ನಿಮಗೇ ಗೊತ್ತು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂದರು ಖಾಲಿ, ಜನರ ಕೈಯೂ ಖಾಲಿ. ಮದುವೆ ಇಲ್ಲ, ಜಾತ್ರೆ ಇಲ್ಲ, ಗಾಳಿಮಳೆಗೆ ಕರೆಂಟೂ ಇಲ್ಲ. ಒಬ್ಬರೇ ಕೂತು ಕೇಳುವ ಹಾಡಿಗೆ ಮಳೆಗಾಲ ಒಳ್ಳೆಯದು, ಶಿರೂರಿನ ಹಾಡು ಜನರಿಗೆ ಮುಟ್ಟಿದ್ದು ಮಳೆಯಲ್ಲೇ. ಕುಣಿತದ ಹಾಡಿಗೆ ನಾಲ್ಕು ಜನ ಒಂದು ಕಡೆ ಸೇರಬೇಕು. ತುಳಸಿ ಮದುವೆ ಮುಗಿದ ಮೇಲೆ ಮದುವೆಗಳು ಶುರುವಾಗುತ್ತವೆ, ಅಲ್ಲಿಂದ ಮೇ ತನಕ ನಮ್ಮ ಕಡೆ ಒಂದಲ್ಲ ಒಂದು ಸದ್ದು ಇದ್ದೇ ಇರುತ್ತದೆ. ಆಗ ಬಿಡಿ. ಬಿಡುವ ದಿನಕ್ಕೆ ಕನಿಷ್ಠ 7 ದಿನ ಮೊದಲೇ ಹಾಡನ್ನು ಅಪ್‌ಲೋಡ್ ಮಾಡಿ ಸ್ಪಾಟಿಫೈನ ಕಲಾವಿದರ ಪುಟದಿಂದ ಅವರ ಪ್ಲೇಲಿಸ್ಟ್‌ನವರಿಗೆ ಕಳಿಸಬಹುದು, ಬಿಟ್ಟ ಮೇಲೆ ಕಳಿಸಲು ಆಗುವುದಿಲ್ಲ. ಮತ್ತೆ, ಬೀಟ್ ಯಾರದ್ದು? 'ಫ್ರೀ ಬೀಟ್' ಅಂತ ಯೂಟ್ಯೂಬಿನಲ್ಲಿ ಸಿಗುವ ಬಹಳಷ್ಟು ಬೀಟ್‌ಗಳು ದುಡ್ಡು ಮಾಡದ ಹಾಡಿಗೆ ಮಾತ್ರ ಫ್ರೀ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಿ ತಗೊಳ್ಳಿ.

ಪ್ರ: ಇವನು ನನ್ನ ತಮ್ಮ. ಮೀನು ಲಾರಿಯ ಲೆಕ್ಕ ಬರೆಯುವ ಕೆಲಸ ಮುಗಿಸಿ ಬಂದು ರಾತ್ರಿ ಎರಡು ಗಂಟೆವರೆಗೆ ಜನ ಬರೆದ ಬೈಗುಳ ಓದುತ್ತಾ ಕೂರುತ್ತಾನೆ. ಹಾಡನ್ನು ತೆಗೆದುಬಿಡುತ್ತೇನೆ ಅಂತಿದ್ದಾನೆ. ತೆಗೆಯಲಾ ಬೇಡವಾ ಅಂತ ನಿಮ್ಮನ್ನು ಕೇಳು ಅಂದ. ನೀವು ಹೇಳಿದ ಹಾಗೆ ಮಾಡುತ್ತಾನಂತೆ.
— ಅವನ ಅಕ್ಕ, ಅಂಕೋಲಾ ತಾಲೂಕು

ಉ: ತಂಗೀ, ತೆಗೆಯಬಾರದು ಅಂತ ಹೇಳು. ಇವತ್ತೇ ಹೇಳು.

ಹೋದ ವಾರ ಗೋಕರ್ಣದ ಹತ್ತಿರ ಒಂದು ಮದುವೆ ಮನೆಗೆ ಹೋಗಿದ್ದೆ. ಹಿಂದಿನ ರಾತ್ರಿ. ಅಂಗಳದಲ್ಲಿ ಚಪ್ಪರ, ಮೂಲೆಯಲ್ಲಿ ಎರಡು ಬಾಕ್ಸ್, ಹುಡುಗರು ಕುಣಿಯುತ್ತಿದ್ದರು. ಹಿತ್ತಲ ಕಡೆ ಹೆಂಗಸರು ಮರುದಿನದ ಅಡುಗೆಗೆ ಕಾಯಿ ತುರಿಯುತ್ತಾ ಕೂತಿದ್ದರು. ನಿನ್ನ ತಮ್ಮನ ಹಾಡು ಬಂತು. ಒಬ್ಬರು ಅಜ್ಜಿ, ಎಪ್ಪತ್ತರ ಮೇಲೆ ಇರಬಹುದು, ಈಳಿಗೆ ಮಣೆ ಮೇಲೆ ಕೂತವರು ತಲೆ ಎತ್ತಲಿಲ್ಲ, ಮಾತಾಡಲಿಲ್ಲ. ಆದರೆ 'ತಟ್ಟು ಗುಮಟೆ' ಅಂದ ಕೂಡಲೇ ಕೈಯಲ್ಲಿದ್ದ ಕಾಯಿ ಕಡಿಯನ್ನು ಆ ತಾಳಕ್ಕೆ ತಿರುಗಿಸತೊಡಗಿದರು. ಟ್ಟು ಬಂದಾಗ ಒಂದು ಎಳೆತ, ಟ್ಟು ಬಂದಾಗ ಇನ್ನೊಂದು. ಹಾಡು ಮುಗಿಯುವವರೆಗೆ ಒಂದೂ ತಪ್ಪಲಿಲ್ಲ. ಅದಾದ ಮೇಲೆ ಪಕ್ಕದವರಿಗೆ 'ಇದು ನಮ್ಮ ಬದಿದೇ ಸೈ' ಅಂದರು. ರಾತ್ರಿ ಎರಡಕ್ಕೆ ಅವನು ಓದುವ ಬೈಗುಳದಲ್ಲಿ ಈ ಅಜ್ಜಿ ಇಲ್ಲ. ಆಕೆ ಬರೆಯುವುದಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಆದರೂ ಒಂದು ಕೊರತೆ ಹೇಳಲೇಬೇಕು. ಬೈಯುವವರು ಯಾರೂ ಅದನ್ನು ಹಿಡಿದಿಲ್ಲ. ಆ ಗುಮಟೆ ಗುಮಟೆಯಲ್ಲ, ಕೀಬೋರ್ಡಿನ ಸದ್ದು. ನನಗೆ ಮೊದಲ ಸಲ ಕೇಳಿದಾಗಲೇ ಗೊತ್ತಾಯಿತು. ಯಾಕೆಂದರೆ ಪ್ರತಿ ಪೆಟ್ಟೂ ಒಂದೇ ಥರ ಇದೆ. ನಿಜವಾದ ಗುಮಟೆ ಹಾಗಿರುವುದಿಲ್ಲ. ಮಣ್ಣಿನ ಮಡಕೆ, ಎರಡು ಬಾಯಿ. ಒಂದಕ್ಕೆ ಚರ್ಮ, ಇನ್ನೊಂದು ಹಾಗೇ ಖಾಲಿ. ಬಲಗೈಯಲ್ಲಿ ಚರ್ಮ ಬಡಿಯುವಾಗ ಎಡಗೈ ಅಂಗೈಯಿಂದ ಆ ಖಾಲಿ ಬಾಯನ್ನು ಮುಚ್ಚುತ್ತಾ ತೆಗೆಯುತ್ತಾ ಇರುತ್ತಾರೆ. ಮುಚ್ಚಿದಾಗ ಸದ್ದು ಒಳಗೆ ಇಳಿಯುತ್ತದೆ, ತೆಗೆದಾಗ 'ಗುಂವ್' ಅಂತ ಮೇಲೆದ್ದು ಬರುತ್ತದೆ. ರ‍್ಯಾಪ್ ಮಾಡುವವರು ಪ್ರಾಣ ಬಿಡುತ್ತಾರಲ್ಲ, ಜಾರುವ 808 ಬಾಸ್ ಅಂತ, ಅದು 1980ರಲ್ಲಿ ಬಂದ ಒಂದು ಯಂತ್ರದ ಸದ್ದು. ಆ ಜಾರು ಗುಮಟೆ ಬಾರಿಸುವ ನಮ್ಮ ಹಾಲಕ್ಕಿ ಜನರ ಎಡ ಅಂಗೈಯಲ್ಲಿ ಮೊದಲಿನಿಂದ ಇದೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ಉಡ ಈಗ ಕಾನೂನಿನ ರಕ್ಷಣೆಯಲ್ಲಿದೆ, ಅದು ಸರಿಯಾದದ್ದೇ. ಆಡಿನ ಚರ್ಮ ಹಾಕಿದರೂ ಆ ಜಾರು ಹೋಗುವುದಿಲ್ಲ, ಅದು ಇರುವುದು ಮಡಕೆ ಮತ್ತು ಅಂಗೈ ನಡುವೆ.

ಅದನ್ನು ಹಿಡಿಯಲು ಎರಡು ಮೈಕ್ ಬೇಕು. ಒಂದು ಚರ್ಮದ ಕಡೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಇನ್ನೊಂದು ಖಾಲಿ ಬಾಯಿ ಕಡೆ, ಅಂಗೈಗೆ ತಾಗದ ಹಾಗೆ. ಎರಡೂ ನನ್ನ ಹತ್ತಿರ ಇವೆ. ಸುಗ್ಗಿ ಕುಣಿತಕ್ಕೆ ಬಾರಿಸುವ ಇಬ್ಬರು ನಿಮ್ಮ ಮನೆಯಿಂದ ಎರಡು ಮೈಲಿ ಆಚೆ ಇದ್ದಾರೆ, ನಾನು ಮಾತಾಡಿ ಇಟ್ಟಿದ್ದೇನೆ. ಅವರ ದಿನದ ದುಡ್ಡು ನಿನ್ನ ತಮ್ಮ ಕೊಡಬೇಕು, ಹಾಡಿನ ಮೇಲೆ ಅವರ ಹೆಸರೂ ಬರಬೇಕು. ಮೈಕಿಗೆ ನನಗೆ ಏನೂ ಬೇಡ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಬಿಸಿಲು ಏರುವ ಮೊದಲು, ಚರ್ಮ ಹದವಾಗಿರುವಾಗ ಶುರು ಮಾಡೋಣ. ಆ ಎರಡನೇ ಚರಣವನ್ನು ತಿದ್ದಿ ತರಲಿ.